ಚಿತ್ರಭಂಡಾರದಲ್ಲಿ ಶ್ರೀರಂಗಪಟ್ಟಣ: ರಾಜಕೀಯ ಚಿತ್ರಗಳ ಬೆಲೆಗಟ್ಟುವ ವಿಚಾರ



1791ನೆಯ ಇಸವಿಯ ಮೇ ತಿಂಗಳ ಕೊನೆಯಲ್ಲಿ, ಶ್ರೀರಂಗಪಟ್ಟಣದ ಕೋಟೆಯನ್ನು ಕಣ್ಣೆದುರಿಗೇ ಕಂಡೂ ಅದನ್ನು ಮುತ್ತಲಾರದೆ, ಮಳೆಗೂ ಹಸಿವಿಗೂ ದನಕರುಗಳ ಸಾವಿಗೂ ಸೋತು, ಅಷ್ಟು ದೂರದಿಂದ ಎಳೆಯಿಸಿ ತಂದಿದ್ದ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ನಾಶಪಡಿಸಿ, ಗವರ್ನರ್ ಜನರಲ್ ಕಾರ್ನ್‌ವಾಲಿಸನು ಬೆಂಗಳೂರಿನ ಕಡೆಗೆ ಹಿಂದಿರುಗಿದನು. ಆ ಸುದ್ದಿಯು ಹಡಗೇರಿ ಲಂಡನ್ ನಗರವನ್ನು ಮುಟ್ಟಲು ತಿಂಗಳುಗಳೇ ಹಿಡಿದುವು. ಅದೇ ವರ್ಷದ ಡಿಸೆಂಬರ್ 6ರಂದು, ಓಲ್ಡ್ ಬಾಂಡ್ ಸ್ಟ್ರೀಟಿನ 18ನೆಯ ನಂಬರಿನ ಅಂಗಡಿಯಲ್ಲಿ, ಹಾನಾ ಹಂಫ್ರಿ ಎಂಬ ಚಿತ್ರವ್ಯಾಪಾರಿಣಿಯು ಜೇಮ್ಸ್ ಗಿಲ್ರೆಯು ರಚಿಸಿದ ಒಂದು ವ್ಯಂಗ್ಯಚಿತ್ರವನ್ನು ಮಾರಾಟಕ್ಕಿಟ್ಟಳು. ‘ಮುಂಗಾರಿನ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಪಲಾಯನ’ ಎಂಬುದು ಅದರ ಶೀರ್ಷಿಕೆ. ಚಿತ್ರದಲ್ಲಿ ಟಿಪ್ಪು ಸುಲ್ತಾನನು ಕೋಟೆಯ ಮೇಲೆ ನಿಂತಿದ್ದಾನೆ. ಕೆಳಗೆ ಕಾರ್ನ್‌ವಾಲಿಸನೂ ಅವನ ಸೈನ್ಯವೂ ದಿಕ್ಕೆಟ್ಟು ಓಡುತ್ತಿದ್ದಾರೆ. ಶೀರ್ಷಿಕೆಯ ಆ ಮುಂಗಾರು ಸುಲ್ತಾನನ ದೇಹದಿಂದಲೇ ಪಲಾಯನಗೈಯುವವರ ಮೇಲೆ ಧಾರೆಯಾಗಿ ಸುರಿಯುತ್ತಿದೆ. ಸಭಾಮರ್ಯಾದೆಗಾಗಿ ಇದಕ್ಕಿಂತ ವಿಶದವಾಗಿ ವರ್ಣಿಸಲಾರೆನಾದರೂ, ವಿಷಯನಿಷ್ಠೆಗಾಗಿ ಇಷ್ಟನ್ನಾದರೂ ಹೇಳಲೇಬೇಕು.

ಇನ್ನೂರ ಮೂವತ್ತು ವರ್ಷಗಳಿಗೂ ಹಿಂದಿನ ಆ ಕಾಗದದ ಹಾಳೆಯನ್ನು ಇಂದು ಮಂಡ್ಯದ ವಿದ್ಯಾರ್ಥಿಯೊಬ್ಬನು ತನ್ನ ಫೋನಿನಲ್ಲಿಯೇ ನೋಡಬಹುದು. ಬ್ರಿಟಿಷ್ ಮ್ಯೂಸಿಯಂ, ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಮೊದಲಾದ ಸಂಸ್ಥೆಗಳು ತಮ್ಮ ಭಂಡಾರಗಳ ಬಾಗಿಲುಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿರುವುದು ನಮ್ಮ ಕಾಲದ ದೊಡ್ಡ ಉಪಕಾರಗಳಲ್ಲೊಂದೆಂದು ನಾನು ಹೃತ್ಪೂರ್ವಕವಾಗಿ ನಂಬಿದ್ದೇನೆ. ಹಿಂದಿನ ತಲೆಮಾರಿನ ನಮ್ಮ ಇತಿಹಾಸಕಾರರು ಹಡಗು ಹತ್ತಿ ಹೋಗಿ, ಅನುಮತಿ ಬೇಡಿ, ಗಡುವಿನೊಳಗೆ ನೋಡಿ ಬರಬೇಕಾಗಿದ್ದುದು ಈಗ ಮನೆಯ ಜಗಲಿಗೇ ಬಂದು ಕುಳಿತಿದೆ. ಆದರೆ ಬಂದು ಕುಳಿತದ್ದನ್ನು ಹೇಗೆ ಮಾತನಾಡಿಸಬೇಕೆಂಬುದನ್ನು ನಾವಿನ್ನೂ ಕಲಿತಿಲ್ಲ. ಗಿಲ್ರೆಯ ಈ ಚಿತ್ರವನ್ನು ನೋಡಿದ ಒಬ್ಬನು, ನಮ್ಮ ಅರಸನು ಪರಂಗಿಯವರನ್ನು ಹೀಗೆ ಅವಮಾನಗೊಳಿಸಿದನೆಂದು ಹಿಗ್ಗುತ್ತಾನೆ. ಇನ್ನೊಬ್ಬನು ಇದು ನಮ್ಮ ಅರಸನಿಗೇ ಮಾಡಿದ ಅವಮಾನವೆಂದು ಕುದಿಯುತ್ತಾನೆ. ಮೂರನೆಯವನು, ಭರತಖಂಡವನ್ನೇ ಕಾಣದ ಗಿಲ್ರೆಯು ಬರೆದುದಕ್ಕೆ ಚರಿತ್ರೆಯಲ್ಲಿ ಏನು ಬೆಲೆಯೆಂದು ಅದನ್ನು ತಳ್ಳಿಬಿಡುತ್ತಾನೆ. ಈ ಮೂವರೂ ಚಿತ್ರವನ್ನು ಶ್ರೀರಂಗಪಟ್ಟಣದ ಸಾಕ್ಷಿಯೆಂದೇ ತಿಳಿದು ವಿಚಾರಣೆಗೆ ಕರೆದವರು. ಅದಾದರೋ ಲಂಡನ್ನಿನ ಸಾಕ್ಷಿ. ಒಂದು ರಾಜಕೀಯ ಚಿತ್ರವು ಯಾರ ಜಗಳದಲ್ಲಿ, ಯಾರನ್ನು ಉದ್ದೇಶಿಸಿ, ಯಾವ ದಿನ ಬಾಯ್ದೆರೆಯಿತೆಂಬುದನ್ನು ನಿರ್ಣಯಿಸಿದ ಹೊರತು ಅದರ ಬೆಲೆಯನ್ನು ಕಟ್ಟಲಾಗದು. ಮತ್ತು ಆ ನಿರ್ಣಯಕ್ಕೆ ಬೇಕಾದ ಕುರುಹುಗಳು ಬಹುಮಟ್ಟಿಗೆ ನಾವು ನೋಡದೆ ಬಿಡುವ ಎಡೆಗಳಲ್ಲಿಯೇ ಇರುತ್ತವೆ. ಇಂದಿನ ಉಪನ್ಯಾಸದಲ್ಲಿ ನಾನು ಪ್ರತಿಪಾದಿಸಬಯಸುವುದು ಇದನ್ನೇ.

ಮೊದಲನೆಯ ಕುರುಹು ಚಿತ್ರದ ಅಂಚಿನಲ್ಲಿದೆ. ಹಳೆಯ ಆಂಗ್ಲ ಮುದ್ರಿತ ಚಿತ್ರಗಳ ಕೆಳಗೆ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ, ಪ್ರಕಾಶನದ ದಿನಾಂಕ, ಪ್ರಕಾಶಕನ ಹೆಸರು, ಅಂಗಡಿಯ ವಿಳಾಸ ಇಷ್ಟನ್ನೂ ಒಂದೇ ಸಾಲಿನಲ್ಲಿ ಕೆತ್ತಿರುತ್ತಾರೆ. ಇದು ಅಲಂಕಾರಕ್ಕಾಗಿ ಬಂದುದಲ್ಲ. ಚಿತ್ರಕಾರ ವಿಲಿಯಂ ಹೋಗಾರ್ಥ್ ಮುಂತಾದವರ ಪ್ರಯತ್ನದಿಂದ 1735ರಲ್ಲಿ ಜಾರಿಗೆ ಬಂದ ಕಾಯಿದೆಯು, ತನ್ನ ಚಿತ್ರವನ್ನು ಬೇರೆಯವರು ಕದ್ದು ಅಚ್ಚು ಹಾಕದಂತೆ ರಕ್ಷಣೆ ಬೇಕೆನ್ನುವವನು ದಿನಾಂಕವನ್ನೂ ಹಕ್ಕುದಾರನ ಹೆಸರನ್ನೂ ಪ್ರತಿಯೊಂದು ಪ್ರತಿಯಲ್ಲಿಯೂ ನಮೂದಿಸತಕ್ಕದ್ದೆಂದು ವಿಧಿಸಿತ್ತು. ವ್ಯಾಪಾರದ ಹಿತಕ್ಕಾಗಿ ಹುಟ್ಟಿದ ಈ ನಿಯಮವು ಚರಿತ್ರಕಾರನಿಗೆ ವರವಾಗಿ ಪರಿಣಮಿಸಿತು. ನಮ್ಮ ಎಷ್ಟೋ ತಾಳೆಯೋಲೆಗಳ ಕಾಲವನ್ನು ಅಕ್ಷರದ ಮೋಡಿಯಿಂದ ಊಹಿಸಬೇಕಾಗಿರುವಾಗ, ಎರಡು ಶತಮಾನಗಳ ಹಿಂದಿನ ಬೀದಿಯಂಗಡಿಯ ನಗೆಚಿತ್ರವೊಂದಕ್ಕೆ ಮಾಸ ದಿನಗಳ ಸಹಿತ ಜನ್ಮಪತ್ರಿಕೆಯಿರುವುದೆಂದರೆ ಸಾಮಾನ್ಯ ಸಂಗತಿಯೆ? ಆದರೆ ಅಂತರ್ಜಾಲದಲ್ಲಿ ಕೈಯಿಂದ ಕೈಗೆ ಹರಿದಾಡುವಾಗ ಮೊದಲು ಕತ್ತರಿಗೆ ಸಿಕ್ಕುವುದು ಈ ಅಂಚೇ. ಪುಟದ ಅಳತೆಗೆ ಹೊಂದಲೆಂದೋ ನೋಟಕ್ಕೆ ಅಂದವೆಂದೋ ಯಾರೋ ಅದನ್ನು ಕತ್ತರಿಸುತ್ತಾರೆ. ಉಳಿಯುವುದು ಕಾಲದೇಶಗಳಿಲ್ಲದ ಒಂದು ಬಿಂಬ. ಆದುದರಿಂದ ಮೂಲ ಸಂಸ್ಥೆಯ ಪ್ರತಿಯಲ್ಲಿ ಅಂಚು ಪೂರ್ಣವಾಗಿದೆಯೆ ಎಂಬುದನ್ನು ನೋಡದೆ ಯಾವ ರಾಜಕೀಯ ಚಿತ್ರವನ್ನೂ ಪುಸ್ತಕದಲ್ಲಿ ಅಚ್ಚುಹಾಕಬಾರದೆಂದು ನನ್ನ ವಿದ್ಯಾರ್ಥಿಮಿತ್ರರಿಗೆ ಬಿನ್ನವಿಸುತ್ತೇನೆ.

ಈ ಒಂದು ಸಾಲಿನಿಂದ ಏನು ಲಭಿಸುತ್ತದೆಂಬುದನ್ನು ಮೇಲಿನ ಚಿತ್ರದಲ್ಲಿಯೇ ಪರೀಕ್ಷಿಸೋಣ. ಡಿಸೆಂಬರ್ 6ರಂದು ಲಂಡನ್ನಿನ ಜನ ಹಂಫ್ರಿಯ ಅಂಗಡಿಯ ಕಿಟಕಿಯ ಮುಂದೆ ನಿಂತು ಕಾರ್ನ್‌ವಾಲಿಸನ ಪಲಾಯನವನ್ನು ನೋಡಿ ನಗುವ ಹೊತ್ತಿಗೆ, ಇತ್ತ ನಮ್ಮ ನಾಡಿನಲ್ಲಿ ಆ ಪಲಾಯನವು ಹಳೆಯ ಮಾತಾಗಿತ್ತು. ಅಕ್ಟೋಬರ್ ತಿಂಗಳಲ್ಲಿಯೇ ನಂದಿದುರ್ಗವು ಆಂಗ್ಲರ ವಶವಾಗಿತ್ತು. ಡಿಸೆಂಬರ್ 21ರಂದು, ಅಜೇಯವೆಂದು ಹೆಸರಾಂತಿದ್ದ ಸಾವನದುರ್ಗವೂ ಬಿದ್ದಿತು. ಮುಂದಿನ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಹೊರವಲಯವೇ ಅವರ ಕೈಸೇರಿ, ಮಾರ್ಚಿಯಲ್ಲಿ ಸುಲ್ತಾನನು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ತೆರುವ ಕರಾರಿಗೆ ಒಪ್ಪಬೇಕಾಯಿತು. ಅಂದಮೇಲೆ ಆ ಚಿತ್ರವು ಮೈಸೂರಿನ ಯುದ್ಧದ ಸ್ಥಿತಿಯನ್ನು ಅರಿತು ಬರೆದುದಲ್ಲ. ಅದು ಬರೆದುದು ಲಂಡನ್ನಿನ ಸಂಶಯವನ್ನು. 1784ರ ಇಂಡಿಯಾ ಕಾಯಿದೆಯು ಭಾರತದಲ್ಲಿ ರಾಜ್ಯವಿಸ್ತರಣೆಯು ಆಂಗ್ಲ ರಾಷ್ಟ್ರದ ಗೌರವಕ್ಕೆ ಒಪ್ಪದ ಕಾರ್ಯವೆಂದು ಘೋಷಿಸಿತ್ತು. ಆ ಘೋಷಣೆಯಿದ್ದೂ ಯುದ್ಧಕ್ಕಿಳಿದುದೇಕೆಂದು ವಿರೋಧಪಕ್ಷದ ಫಿಲಿಪ್ ಫ್ರಾನ್ಸಿಸ್ ಮುಂತಾದವರು 1791ರ ಆದಿಯಲ್ಲಿಯೇ ಪಾರ್ಲಿಮೆಂಟಿನಲ್ಲಿ ಕೇಳಿದ್ದರು. ಗಿಲ್ರೆಯ ಟಿಪ್ಪುವು ನಮ್ಮ ಟಿಪ್ಪುವಿನ ಭಾವಚಿತ್ರವಲ್ಲ, ಆ ಪ್ರಶ್ನೆಯನ್ನು ಅಂಗಡಿಯ ಕಿಟಕಿಯವರೆಗೆ ತಂದು ನಿಲ್ಲಿಸಿದ ಪಾತ್ರಧಾರಿ. ಸಾಮ್ರಾಜ್ಯದ ರಾಜಧಾನಿಯಲ್ಲಿಯೇ ಸಾಮ್ರಾಜ್ಯದ ಸೇನಾಪತಿಯನ್ನು ಈ ಪರಿ ನಗೆಗೀಡುಮಾಡಿದರೆ ಅದನ್ನು ಕೊಳ್ಳುವ ಜನರಿದ್ದರೆಂಬುದು, ಅಂದಿನ ಯಾವ ಸರಕಾರಿ ದಸ್ತಾವೇಜಿನಲ್ಲಿಯೂ ಇಷ್ಟು ನಿಚ್ಚಳವಾಗಿ ದೊರೆಯದ ಸತ್ಯ. ನನ್ನ ಎಣಿಕೆಯಲ್ಲಿ ಈ ಚಿತ್ರದ ಬೆಲೆ ಇರುವುದು ಅಲ್ಲಿ. ಮತ್ತು ಅದು ಸಣ್ಣ ಬೆಲೆಯಲ್ಲ.

ಇದೇ ಗಿಲ್ರೆಯು 1797ರಿಂದ ಸರಕಾರದ ಪಕ್ಷದವರಿಂದ ವರ್ಷಕ್ಕೆ 200 ಪೌಂಡುಗಳ ಗುಪ್ತ ವೇತನವನ್ನು ಪಡೆಯತೊಡಗಿದನು. 1791ರ ಗಿಲ್ರೆಯನ್ನೂ 1799ರ ಗಿಲ್ರೆಯನ್ನೂ ಒಂದೇ ಸಾಕ್ಷಿಯೆಂದು ಗಣಿಸುವಂತಿಲ್ಲ. ಕೈ ಒಂದೇ, ಕೈಗೆ ಬಿದ್ದ ಹಣ ಬೇರೆ. ಭಂಡಾರದ ಶೋಧಕದಲ್ಲಿ ಅವನ ಹೆಸರನ್ನು ಒತ್ತಿದರೆ ಈ ಎರಡು ಕಾಲಗಳ ಚಿತ್ರಗಳೂ ಒಂದರ ಪಕ್ಕದಲ್ಲೊಂದು, ಒಂದೇ ಗಾತ್ರದ ಚೌಕಗಳಲ್ಲಿ ಬಂದು ನಿಲ್ಲುತ್ತವೆ. ಅವುಗಳ ನಡುವಣ ಆ ದೊಡ್ಡ ಕಂದರವನ್ನು ಕಾಣುವ ಹೊಣೆ ನೋಡುವವನದು.

ಪ್ರತಿಯ ವಿಚಾರ ಇನ್ನೂ ಸೂಕ್ಷ್ಮವಾದುದು. ತಾಮ್ರದ ತಗಡಿಗೆ ಮೇಣವನ್ನು ಬಳಿದು, ಮೇಣದ ಮೇಲೆ ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದಿದರೆ ಗೀಚಿದ ಎಡೆಯಷ್ಟೇ ಕೊರೆಯುತ್ತದೆ. ಆ ಕೊರೆತದಲ್ಲಿ ಮಸಿಯನ್ನು ತುಂಬಿ ಕಾಗದವನ್ನೊತ್ತಿದರೆ ಚಿತ್ರ ಮೂಡುತ್ತದೆ. ಬಣ್ಣವನ್ನು ಮಾತ್ರ ಆಮೇಲೆ, ಪ್ರತಿಯೊಂದು ಹಾಳೆಗೂ, ಕೂಲಿಗೆ ಕೆಲಸ ಮಾಡುವವರು ಕುಂಚದಿಂದ ತುಂಬುತ್ತಿದ್ದರು. ಹೀಗಾಗಿ ಒಂದೇ ತಗಡಿನಿಂದ ಹುಟ್ಟಿದ ಎರಡು ಪ್ರತಿಗಳಲ್ಲಿ ಒಬ್ಬನೇ ಮನುಷ್ಯನ ಅಂಗಿ ಎರಡು ಬಣ್ಣವಾಗಿರುವುದುಂಟು. ಇಂತಹ ಚಿತ್ರಗಳನ್ನು ಮುಂದಿಟ್ಟುಕೊಂಡು ಸುಲ್ತಾನನ ಪೇಟದ ಬಣ್ಣವನ್ನೂ ಧ್ವಜದ ಬಣ್ಣವನ್ನೂ ನಿರ್ಣಯಿಸಹೊರಡುವವರು, ಶ್ರೀರಂಗಪಟ್ಟಣದ ಹೆಸರನ್ನಷ್ಟೇ ಕೇಳಿದ್ದ ಲಂಡನ್ನಿನ ಒಬ್ಬ ಕೂಲಿಕಾರನ ಬಟ್ಟಲಿನಲ್ಲಿ ಆ ಬೆಳಗ್ಗೆ ಯಾವ ಬಣ್ಣ ಉಳಿದಿತ್ತೆಂಬುದನ್ನು ಚರಿತ್ರೆಯೆಂದು ಬರೆಯುತ್ತಿದ್ದಾರೆ. ಇನ್ನೊಂದು ಸಂಗತಿ: ಗಿಲ್ರೆಯು 1815ರಲ್ಲಿ ತೀರಿಕೊಂಡ ಬಹುಕಾಲದ ಮೇಲೆ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಹೆನ್ರಿ ಬೋನ್ ಎಂಬ ಪುಸ್ತಕವ್ಯಾಪಾರಿಯು ಅವನ ಹಳೆಯ ತಗಡುಗಳನ್ನು ಕೊಂಡು ಅವುಗಳಿಂದ ಹೊಸದಾಗಿ ಅಚ್ಚುಹಾಕಿಸಿದನು. ಬಣ್ಣವಿಲ್ಲದೆ, ಹಾಳೆಯ ಎರಡು ಮಗ್ಗುಲಲ್ಲಿಯೂ ಮುದ್ರಿತವಾದ ಆ ಪ್ರತಿಗಳಲ್ಲಿಯೂ ಹಳೆಯ ದಿನಾಂಕವೇ ಇರುತ್ತದೆ. ಪರದೆಯ ಮೇಲೆ ಮುಖವನ್ನು ಮಾತ್ರ ನೋಡುವವನು ವಿಕ್ಟೋರಿಯಾ ರಾಣಿಯ ಕಾಲದ ಪ್ರತಿಯನ್ನು ಮೂರನೆಯ ಜಾರ್ಜನ ಕಾಲದ್ದೆಂದು ತಿಳಿಯುವುದು ಬಹು ಸುಲಭ. ಹಾಳೆಯ ಬೆನ್ನಿನ ಛಾಯಾಚಿತ್ರವನ್ನೂ ಒದಗಿಸುವ ಭಂಡಾರವು, ಮುಖವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭಂಡಾರಕ್ಕಿಂತ ನನಗೆ ಹೆಚ್ಚು ಪೂಜ್ಯವೆನಿಸುತ್ತದೆ.

ಯಾರು ಕೂಡಿಟ್ಟರೆಂಬುದೂ ಬೆಲೆಯ ಒಂದು ಅಂಗ. ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿರುವ ಆಂಗ್ಲ ವ್ಯಂಗ್ಯಚಿತ್ರಗಳ ಬಹುಭಾಗವು 1921ರಲ್ಲಿ ವಿಂಡ್ಸರ್ ಅರಮನೆಯ ಸಂಗ್ರಹದಿಂದ ಕ್ರಯಕ್ಕೆ ಬಂದುದು. ಅದನ್ನು ಕೂಡಿಸಿದವರಲ್ಲಿ ಮುಖ್ಯನು ನಾಲ್ಕನೆಯ ಜಾರ್ಜ್, ಅಂದರೆ ಆ ಚಿತ್ರಗಳಲ್ಲಿ ಅನೇಕವು ಯಾರನ್ನು ನಿರ್ದಾಕ್ಷಿಣ್ಯವಾಗಿ ಹಳಿದಿದ್ದುವೋ ಅವನೇ. ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹವಾದರೋ ಅದರ ಸೂಚಿಯಿಂದಲೇ ಚಿರಸ್ಮರಣೀಯವಾಗಿದೆ. ಫ್ರೆಡರಿಕ್ ಜಾರ್ಜ್ ಸ್ಟೀಫನ್ಸನು ಆರಂಭಿಸಿದ ಆ ಸೂಚಿಯನ್ನು ಮೇರಿ ಡೊರೊತಿ ಜಾರ್ಜ್ ಎಂಬ ವಿದುಷಿಯು 1935ರಿಂದ 1954ರವರೆಗೆ ಏಳು ಸಂಪುಟಗಳಲ್ಲಿ ಮುಂದುವರಿಸಿದಳು. ಇಡೀ ಸೂಚಿಯಲ್ಲಿ 17,000ಕ್ಕೂ ಮೀರಿದ ಚಿತ್ರಗಳಿವೆ. ತನ್ನ ಪಾಲಿನ ಪ್ರತಿಯೊಂದರಲ್ಲಿಯೂ ಯಾರು ನಿಂತಿದ್ದಾರೆ, ಯಾರ ಬಾಯಿಂದ ಯಾವ ಮಾತು ಹೊರಟಿದೆ, ಗೋಡೆಯ ಮೇಲಿನ ಕಾಗದದಲ್ಲಿ ಏನು ಬರೆದಿದೆ, ಅಂದಿನ ಯಾವ ಮಸೂದೆಯನ್ನು ಅದು ಸೂಚಿಸುತ್ತದೆ ಎಂಬೀ ವಿವರಗಳನ್ನು ಆಕೆ ಪತ್ರಿಕೆಗಳನ್ನೂ ಪಾರ್ಲಿಮೆಂಟಿನ ಚರ್ಚೆಗಳನ್ನೂ ಶೋಧಿಸಿ ಬರೆದಿಟ್ಟಳು. ಇಂದು ಅಂತರ್ಜಾಲದಲ್ಲಿ ನಮಗೆ ಕ್ಷಣಮಾತ್ರದಲ್ಲಿ ದೊರೆಯುವ ವಿವರಣೆಯು ಆ ಮಹಿಳೆಯ ದಶಕಗಳ ಪರಿಶ್ರಮದ ಫಲ. ಯಂತ್ರವು ಚಿತ್ರವನ್ನು ದೂರಕ್ಕೆ ಸಾಗಿಸಿತು. ಅದಕ್ಕೆ ಅರ್ಥವನ್ನು ಹೊರಿಸಿ ಕಳುಹಿಸಿದವಳು ಆಕೆ. ನಾವು ಬೆಲೆ ಕಟ್ಟುವಾಗ ಈ ಸೂಚಿಕಾರರ ಶ್ರಮವನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಸೂಚಿಗೂ ಅದರ ಕಾಲದ ಕಣ್ಣಿರುತ್ತದೆಂಬುದನ್ನು ಮರೆಯಲಾಗದು. ‘ಟಿಪ್ಪೂ ಸಾಹಿಬ್’, ‘ಸೆರಿಂಗಪಟಮ್’ ಎಂಬ ಹಳೆಯ ಕಾಗುಣಿತದಲ್ಲಿ ಹುಡುಕದವನಿಗೆ ಆ ಭಂಡಾರದ ಎಷ್ಟೋ ಕೋಣೆಗಳು ತೆರೆಯಲಾರವು.

ಸೂಚಿಯಿಲ್ಲದ ಚಿತ್ರಕ್ಕೆ ಯಾವ ಗತಿಯಾಗುತ್ತದೆಂಬುದಕ್ಕೆ ನಮ್ಮ ಸಮೀಪದಲ್ಲಿಯೇ ಉದಾಹರಣೆಯಿದೆ. ಟಿಪ್ಪು ಸುಲ್ತಾನನ ನಿಜವಾದ ಛಾಯಾಚಿತ್ರವೆಂದು ಗಡ್ಡಧಾರಿಯೊಬ್ಬನ ಪಟವು ವರ್ಷಗಳಿಂದ ಫೋನುಗಳಲ್ಲಿ ಸುತ್ತುತ್ತಿದೆ. ಸುಲ್ತಾನನು ಮಡಿದುದು 1799ರ ಮೇ 4ರಂದು. ಛಾಯಾಗ್ರಹಣವು ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಆ ಪಟದಲ್ಲಿರುವವನು ಜಾಂಜಿಬಾರಿನ ವ್ಯಾಪಾರಿ, ಆಫ್ರಿಕದ ದಂತ ಮತ್ತು ಗುಲಾಮರ ವ್ಯವಹಾರದಿಂದ ಹೆಸರಾದ ಟಿಪ್ಪು ಟಿಪ್. ಹೆಸರಿನ ಎರಡಕ್ಷರಗಳ ಸಾಮ್ಯದಿಂದ ಒಬ್ಬನ ಮುಖವು ಇನ್ನೊಬ್ಬನ ಚರಿತ್ರೆಗೆ ಅಂಟಿಕೊಂಡಿತು; ಹೊಗಳುವವರೂ ತೆಗಳುವವರೂ ಅದನ್ನೇ ಎತ್ತಿ ಹಿಡಿದರು. ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ಇನ್ನು, ಕಣ್ಣಾರೆ ಕಂಡು ಬರೆದುದೇ ಹೆಚ್ಚು ಬೆಲೆಯುಳ್ಳದ್ದೆಂಬ ವಾದವನ್ನು ನೋಡೋಣ. 1792ರ ಫೆಬ್ರವರಿ 26ರಂದು ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಿದ ಪ್ರಸಂಗವು ಆಂಗ್ಲ ಚಿತ್ರಕಾರರಿಗೆ ಬಹುಪ್ರಿಯವಾಯಿತು. ಬಾಸ್ಟನ್ನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ್ದ ಮಾಥರ್ ಬ್ರೌನನು ಭಾರತಕ್ಕೆ ಬಾರದೆಯೇ ಅದನ್ನು ಬರೆದನು. ಸೈನ್ಯದೊಡನೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ರಾಬರ್ಟ್ ಹೋಮನು ಬರೆದ ಚಿತ್ರದಲ್ಲಿ ಅವನೇ ಒಂದು ಮೂಲೆಯಲ್ಲಿ ನಿಂತಿದ್ದಾನೆ. ಹೋಮನ ಕೃತಿಯಲ್ಲಿ ಡೇರೆ, ಆನೆ, ಉಡುಪುಗಳ ವಿವರವು ನಂಬಿಕೆಗೆ ಹೆಚ್ಚು ಅರ್ಹವೆಂಬುದು ನಿಜ. ಆದರೆ ಎರಡರಲ್ಲಿಯೂ ಕಾರ್ನ್‌ವಾಲಿಸನು ಪಿತೃವಾತ್ಸಲ್ಯದಿಂದ ಮಕ್ಕಳನ್ನು ಬರಮಾಡಿಕೊಳ್ಳುತ್ತಾನೆ. ಹಿಂದಿನ ವರ್ಷ ನಗೆಗೀಡಾಗಿದ್ದ ಸೇನಾಪತಿಯನ್ನು ಕರುಣಾಳುವನ್ನಾಗಿ ನಿಲ್ಲಿಸಬೇಕಾಗಿದ್ದ ಕಾಲ ಅದು. ಕಂಡವನೂ ಕಾಣದವನೂ ಒಂದೇ ಕೊಳ್ಳುಗರಿಗಾಗಿ ಕುಂಚವನ್ನೆತ್ತಿದರು. ಅರಮನೆಯ ಹೆಬ್ಬಾಗಿಲಿನಿಂದ ತಮ್ಮ ಮಕ್ಕಳು ಹೊರಟುದನ್ನು ಒಳಗಿನ ಹೆಂಗಸರು ನಿಜವಾಗಿ ಹೇಗೆ ನೋಡಿದರೆಂಬುದಕ್ಕೆ ಆ ಸಾಲುಸಾಲು ಚಿತ್ರಗಳಲ್ಲಿ ಸಾಕ್ಷಿಯಿಲ್ಲ. ಭಂಡಾರವು ಎಷ್ಟು ಸಮೃದ್ಧವಾಗಿದ್ದರೂ ಅದು ಒಂದೇ ಕಡೆಯ ಸಮೃದ್ಧಿಯಾಗಿರಬಹುದೆಂಬ ಎಚ್ಚರಕ್ಕಾಗಿ ಇದನ್ನು ಹೇಳಿದೆ.

ಕೆಲವೊಮ್ಮೆ ಕಾಣದವನ ಚಿತ್ರವೂ ಅದರ ಅಳಿದುಳಿದ ಅಚ್ಚೂ ಅಮೂಲ್ಯವಾಗುತ್ತವೆ. ಇಪ್ಪತ್ತರ ಹರೆಯದ ರಾಬರ್ಟ್ ಕೆರ್ ಪೋರ್ಟರನು ಶ್ರೀರಂಗಪಟ್ಟಣವನ್ನು ನೋಡದೆಯೇ, ಅದರ ಪತನದ ಮರುವರ್ಷವೇ, 120 ಅಡಿ ಉದ್ದದ ಬೃಹತ್ ಪಟವನ್ನು ಬರೆದು 1800ರಲ್ಲಿ ಲಂಡನ್ನಿನ ಲೈಸಿಯಂ ಭವನದಲ್ಲಿ ಪ್ರದರ್ಶಿಸಿದನು. ಜನರು ಹಣ ತೆತ್ತು ಬಂದು, ಕೋಟೆಯ ಬಿರುಕಿನಲ್ಲಿ ತಾವೇ ನುಗ್ಗುತ್ತಿರುವಂತೆ ಅದನ್ನು ನೋಡಿದರು. ಆ ಪಟವು ಮುಂದೆ ಬೆಂಕಿಗಾಹುತಿಯಾಯಿತು. ವೆಂಡ್ರಮೀನಿಯು ಅದನ್ನು ಅನುಸರಿಸಿ ಕೆತ್ತಿದ ಮೂರು ಚಿತ್ರಗಳೇ ಈಗ ಅದರ ಮುಖ್ಯ ಸ್ಮಾರಕ. ಇವುಗಳಿಂದ ಕೋಟೆಯ ಗೋಡೆಯ ಎತ್ತರವನ್ನು ಅಳೆಯುವುದು ವ್ಯರ್ಥ. ವಿಜಯವನ್ನು ಒಂದು ನಗರವು ಹೇಗೆ ಟಿಕೇಟು ಕೊಂಡು ಅನುಭವಿಸಿತೆಂಬುದನ್ನು ಅರಿಯಲು ಇವಕ್ಕಿಂತ ಮೇಲಾದ ಆಧಾರ ದುರ್ಲಭ.

ಸಂತೆಯ ಬೆಲೆಯನ್ನು ಇವೆಲ್ಲದರಿಂದ ಬೇರೆಯಾಗಿಯೇ ಇಡಬೇಕು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಆಂಗ್ಲ ಕರ್ನಲ್ ಬೇಲಿಯ ಸೈನ್ಯವು ಟಿಪ್ಪು ಮತ್ತು ಅವನ ತಂದೆ ಹೈದರನ ಕೈಯಲ್ಲಿ ಚೂರಾದ ಪ್ರಸಂಗವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ ಬರೆದಿರುವುದನ್ನು ಇಲ್ಲಿರುವವರೆಲ್ಲರೂ ನೋಡಿರಬಹುದು. ಆ ಪ್ರಸಂಗವನ್ನೇ ಕಾಗದದ ಮೇಲೆ ಬರೆದ, 30 ಅಡಿಗೂ ಮಿಕ್ಕಿ ಉದ್ದವಾದ ಪ್ರತಿಯೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡುಗಳಿಗೆ ಹೋಯಿತು. ಪತ್ರಿಕೆಗಳು ಮೊತ್ತವನ್ನು ಬರೆದುವು. ಆ ಮೊತ್ತದಿಂದ ಚಿತ್ರದ ಒಂದು ಗೆರೆಯೂ ನಮಗೆ ಹೆಚ್ಚಾಗಿ ಅರ್ಥವಾಗಲಿಲ್ಲ. 

ದರಿಯಾ ದೌಲತ್ತಿನ ಗೋಡೆಗೆ ನಾವು ಬಂದೇಬಿಟ್ಟಿರುವುದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕಡೆಯವರು ನಮ್ಮ ಕಣ್ಣಿಗಾಗಿ ಬರೆಯಿಸಿದ ರಾಜಕೀಯ ಚಿತ್ರ ಅದು. 1784ರಲ್ಲಿ ಕಟ್ಟಿದ ಆ ಮರದ ಅರಮನೆಯ ಪಡುಗೋಡೆಯಲ್ಲಿ, ಬಂದೂಕು ಹಿಡಿದು ಚೌಕಾಕಾರವಾಗಿ ನಿಂತ ಕೆಂಪಂಗಿಯ ಸಿಪಾಯಿಗಳ ನಡುವೆ ಗಾಯಗೊಂಡ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಮದ್ದಿನ ಬಂಡಿಯೊಂದು ಸಿಡಿಯುತ್ತಿದೆ. ಸುತ್ತಲೂ ಕುದುರೆಗಳು, ತಲೆ ಕಡಿದ ದೇಹಗಳು. ಸಮಯಕ್ಕೆ ಒದಗದೆ ಹೋದ ಹೈದರಾಬಾದಿನ ನಿಜಾಮನನ್ನು ಹಾಸ್ಯಮಾಡಲು ಅವನ ಪರಿವಾರದ ಬಳಿ ಹಸುವನ್ನೂ ಹಂದಿಯನ್ನೂ ಬರೆಯಲಾಗಿದೆಯೆಂದು ಅಲ್ಲಿ ಬಹುಕಾಲದಿಂದ ವಿವರಿಸುತ್ತ ಬಂದಿದ್ದಾರೆ. ಅಂದರೆ ಗಿಲ್ರೆಯ ತಗಡಿಗಿಂತ ಮೊದಲೇ ನಮ್ಮ ಗೋಡೆಯೂ ಕುಟುಕಲು ಬಲ್ಲುದಾಗಿತ್ತು. ಆದರೆ ನಾವು ಗಿಲ್ರೆಗೆ ಹಾಕಿದ ಪ್ರಶ್ನೆಗಳನ್ನೇ ಇದಕ್ಕೂ ಹಾಕದೆ ಬಿಡಬಾರದು. ಈ ಗೋಡೆಯ ಮೇಲಿನ ಬಣ್ಣವೆಲ್ಲ 1784ರದಲ್ಲ. ಸುಣ್ಣ ಬಳಿದು ಮುಚ್ಚಿದುದನ್ನು, 1799ರ ಮೇಲೆ ಇದೇ ಮನೆಯಲ್ಲಿ ವಾಸಿಸಿದ ಆಂಗ್ಲ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯು ಸರಿಪಡಿಸಿದನು; ಮತ್ತೆ ಅಳಿದುದನ್ನು ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೆ ಬರೆಯಿಸಲಾಯಿತು. ಸೋತವರ ಚಿತ್ರವನ್ನು ಸೋತವರ ವಂಶದವರೇ ಗೆದ್ದ ಮೇಲೆ ಹಣ ಕೊಟ್ಟು ಉಳಿಸಿದರು. ಏತಕ್ಕೆ? ವಿಜಯವು ಪೂರ್ಣವಾದ ಮೇಲೆ ಹಳೆಯ ಸೋಲು ಒಂದು ಅಲಂಕಾರವಾಗಿ ಕಂಡಿತೆಂದು ನನಗೆ ತೋರುತ್ತದೆ. ಅದೇನೇ ಇರಲಿ, ಗೋಡೆಯ ಯಾವ ಭಾಗ ಮೂಲ, ಯಾವುದು ತಿದ್ದಿದುದು, ಯಾವುದು ನೆನಪಿನಿಂದ ಹೊಸದಾಗಿ ಬರೆದುದು ಎಂಬುದನ್ನು ವಿಂಗಡಿಸದೆ, ‘ಟಿಪ್ಪುವಿನ ಕಾಲದ ಚಿತ್ರ’ ಎಂಬ ಒಂದೇ ತಲೆಬರಹದಡಿಯಲ್ಲಿ ಅದನ್ನು ಪರದೆಗೇರಿಸಿದರೆ, ಅಂಚು ಕತ್ತರಿಸಿದ ಗಿಲ್ರೆಗೂ ಇದಕ್ಕೂ ಭೇದವುಳಿಯದು.

ನಮ್ಮ ವಿಶ್ವವಿದ್ಯಾನಿಲಯಗಳ ಚರಿತ್ರೆ ಮತ್ತು ಚಿತ್ರಕಲಾ ವಿಭಾಗಗಳು ಜತೆಗೂಡಿ ಕೈಗೊಳ್ಳಬಹುದಾದ ಕಾರ್ಯವೊಂದು ಇಲ್ಲಿದೆಯೆಂದು ಸೂಚಿಸಿ ಮುಗಿಸುತ್ತೇನೆ. ಆ ಪಡುಗೋಡೆಯನ್ನು ಗೇಣು ಗೇಣಾಗಿ ಛಾಯಾಚಿತ್ರದಲ್ಲಿ ಹಿಡಿದು, ಪ್ರತಿಯೊಂದು ತುಂಡಿನ ಕೆಳಗೆ ಅದರ ದುರಸ್ತಿಯ ಚರಿತ್ರೆಯನ್ನೂ, ಕಾಗದದ ಪ್ರತಿಗಳಲ್ಲಿ ಅದೇ ಭಾಗವು ಹೇಗಿದೆಯೆಂಬುದನ್ನೂ, ವ್ಯಕ್ತಿಗಳ ಗುರುತನ್ನೂ ಆ ಗುರುತಿಗೆ ಆಧಾರವನ್ನೂ, ಮೊದಲು ಕನ್ನಡದಲ್ಲಿ ಆಮೇಲೆ ಇಂಗ್ಲಿಷಿನಲ್ಲಿ ಬರೆದಿಡಬೇಕು. 1942ರಲ್ಲಿ ರಾಶಿಯವರು ಹೊರಡಿಸಿದ, ತರುಣ ಆರ್. ಕೆ. ಲಕ್ಷ್ಮಣರ ಗೆರೆಗಳನ್ನು ಕಂಡ ‘ಕೊರವಂಜಿ’ಯಂತಹ ನಮ್ಮ ಪತ್ರಿಕೆಗಳ ವ್ಯಂಗ್ಯಚಿತ್ರಗಳಿಗೂ, ಸಂಚಿಕೆ ತಿಂಗಳು ಪುಟಗಳೊಡನೆ, ಅಂದಿನ ಯಾವ ಪ್ರಸಂಗವನ್ನು ಅವು ಕುಟುಕಿದುವೆಂಬ ಟಿಪ್ಪಣಿಯೊಡನೆ, ಇಂಥದೇ ಸೂಚಿಯೊಂದು ಆಗಬೇಕು. ಆ ಪ್ರಸಂಗಗಳನ್ನು ಬಾಳಿನಲ್ಲಿ ಕಂಡವರು ಕೆಲವರಾದರೂ ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಬಳಿ ಕುಳಿತು ಬರೆದುಕೊಳ್ಳುವ ಕೆಲಸವನ್ನು ಮುಂದಿನ ವರ್ಷಕ್ಕೆ ಉಳಿಸಬಾರದು.